ನನ್ನನ್ನು ನಾನು ಅಳೆಯುವುದು ಹೇಗೆ?

ಮಕ್ಕಳೇ, ಬೇಸಿಗೆಯ ರಜೆ ಮುಗಿಸಿ ಜೂನ್ ತಿಂಗಳಲ್ಲಿ ಶಾಲೆಗೆ ಬಂದಾಗ ನಿಮ್ಮ ತರಗತಿಯನ್ನು ಒಮ್ಮೆ ಸುತ್ತಲೂ ನೋಡಿದ್ದೀರಾ? ಹೋದ ವರ್ಷ ನಿಮ್ಮ ಭುಜದ ಮಟ್ಟಕ್ಕಿದ್ದ ಗೆಳತಿ ಈಗ ನಿಮಗಿಂತ ಎತ್ತರವಾಗಿದ್ದಾಳೆ. ಒಬ್ಬ ಹುಡುಗ ಪ್ರಾರ್ಥನೆ ಹಾಡಲು ಹೋದರೆ ದನಿ ಒಡೆದು ಬರುತ್ತದೆ. ಇನ್ನೊಬ್ಬನ ಮುಖದ ಮೇಲೆ ಮೊಡವೆಗಳು ಎದ್ದಿವೆ. ಮತ್ತೊಬ್ಬನಿಗೆ ಹೋದ ವರ್ಷದ ಅಂಗಿಯೇ ಇನ್ನೂ ಸರಿಯಾಗಿ ಹೊಂದುತ್ತದೆ. ಅದೇ ಅವನ ಚಿಂತೆ!

ಇದು ಹರೆಯದ ಆರಂಭ. ಹುಡುಗಿಯರಲ್ಲಿ ಸಾಮಾನ್ಯವಾಗಿ 8ರಿಂದ 13ನೆಯ ವರ್ಷದೊಳಗೆ, ಹುಡುಗರಲ್ಲಿ 9ರಿಂದ 14ನೆಯ ವರ್ಷದೊಳಗೆ ಈ ಬದಲಾವಣೆಗಳು ತೊಡಗುತ್ತವೆ. ಅಂದರೆ ಒಂದೇ ಬೆಂಚಿನ ಮೇಲೆ ಕುಳಿತ ಇಬ್ಬರಲ್ಲಿ ಒಬ್ಬರಿಗೆ ಬೇಗ, ಇನ್ನೊಬ್ಬರಿಗೆ ಮೂರು ನಾಲ್ಕು ವರ್ಷ ತಡವಾಗಿ ಇದು ಆರಂಭವಾಗಬಹುದು. ಇಬ್ಬರೂ ಆರೋಗ್ಯವಂತರೇ. ಜೋಳದ ಹೊಲದಲ್ಲಿ ಎಲ್ಲ ತೆನೆಗಳೂ ಒಂದೇ ದಿನ ಹೊರಬರುವುದಿಲ್ಲ ಅಲ್ಲವೇ?

ದೇಹದ ಜೊತೆಗೆ ಮನಸ್ಸೂ ಬದಲಾಗುತ್ತದೆ. ಚಿಕ್ಕವರಿದ್ದಾಗ ನೀವು ನಿಮ್ಮ ಪಾಡಿಗೆ ಆಡುತ್ತಿದ್ದಿರಿ. ಈಗ ಪಕ್ಕದವರ ಅಂಕ, ಬಣ್ಣ, ಬಟ್ಟೆ, ಸೈಕಲ್ಲು ಎಲ್ಲವೂ ಕಣ್ಣಿಗೆ ಬೀಳುತ್ತವೆ. 'ಅವರು ನನ್ನನ್ನು ನೋಡಿ ಏನೆಂದುಕೊಂಡರೋ' ಎಂಬ ಮಾತು ಮನಸ್ಸಿನಲ್ಲಿ ಸುತ್ತುತ್ತಿರುತ್ತದೆ. ಇಂಥ ಹೊತ್ತಿನಲ್ಲಿ ನಡೆದ ಒಂದು ಪ್ರಸಂಗವನ್ನು ಕೇಳಿ.

ಸಾಂಗಲಿ ಜಿಲ್ಲೆಯ ಜತ್ತ ತಾಲೂಕಿನ ಒಬ್ಬ ಹುಡುಗಿ. ಏಳನೆಯ ತರಗತಿಯವರೆಗೆ ಊರಿನ ಕನ್ನಡ ಶಾಲೆಯಲ್ಲಿ ಓದಿದಳು. ಲೆಕ್ಕದಲ್ಲಿ ಬಲು ಚುರುಕು. ಎಂಟನೆಯ ತರಗತಿಗೆ ಬೇರೆ ಊರಿನ ಮರಾಠಿ ಮಾಧ್ಯಮದ ಶಾಲೆಗೆ ಸೇರಿದಳು. ಮೊದಲ ವಾರದಲ್ಲೇ ಅವಳು ಎದ್ದುನಿಂತು 'ಮಾಝೀ ಖುರ್ಚೀ' ಎನ್ನುವ ಬದಲು 'ಮಾಝಾ ಖುರ್ಚೀ' ಎಂದಳು. ತರಗತಿಯೆಲ್ಲ ನಕ್ಕಿತು.

ಅವಳು ತಪ್ಪಿದ್ದು ಯಾಕೆ? ಕನ್ನಡದಲ್ಲಿ ಕುರ್ಚಿ, ಬಾಗಿಲು, ಪುಸ್ತಕ ಎಲ್ಲವೂ 'ಅದು'. ಮರಾಠಿಯಲ್ಲಿ ಹಾಗಲ್ಲ. ಅಲ್ಲಿ ಕುರ್ಚಿ ಸ್ತ್ರೀಲಿಂಗ, ಬಾಗಿಲು ಪುಲ್ಲಿಂಗ, ಪುಸ್ತಕ ನಪುಂಸಕಲಿಂಗ. ಕನ್ನಡ ಮನೆಮಾತಿನವರು ಇದರಲ್ಲಿ ಎಡವುವುದು ಸಹಜ. ಮರಾಠಿ ಮನೆಮಾತಿನವರು ಕನ್ನಡ ಕಲಿಯುವಾಗಲೂ ಎಡವುತ್ತಾರೆ. ಎ-ಏ, ಒ-ಓ ಎಂಬ ಗಿಡ್ಡ ಉದ್ದದ ಭೇದ ಮರಾಠಿಯಲ್ಲಿ ಇಲ್ಲ. ಹಾಗಾಗಿ 'ಕೊಡು' ಎನ್ನಲು ಹೋಗಿ 'ಕೋಡು' ಎಂದುಬಿಡುತ್ತಾರೆ. ಆಗ ನಮಗೂ ನಗು ಬರುತ್ತದೆ!

ಆದರೆ ಆ ಹುಡುಗಿಗೆ ಇದೊಂದೂ ಹೊಳೆಯಲಿಲ್ಲ. ಅವಳು ಹಿಂದಿನ ಬೆಂಚಿಗೆ ಹೋಗಿ ಕುಳಿತಳು. ಲೆಕ್ಕದ ಉತ್ತರ ಬರುತ್ತಿದ್ದರೂ ಕೈ ಎತ್ತುವುದನ್ನು ಬಿಟ್ಟಳು. ದಿನ ಕಳೆದಂತೆ ಅವಳಿಗೆ ಉತ್ತರ ಬರುವುದಿಲ್ಲವೆಂದೇ ಶಿಕ್ಷಕರೂ ತಿಳಿದರು. ಒಂದು ಸಂಜೆ ಅವಳು ಅಜ್ಜಿಯ ಮುಂದೆ ಹೇಳಿದಳು, "ನಾ ಸಾಲಿಗೆ ಹೋಗಾಂಗಿಲ್ಲ. ನಾ ದಡ್ಡಿ ಅದೀನಿ."

"ಹಂಗಂತ ಯಾರ ಅಂದ್ರವ್ವಾ?"

"ಯಾರೂ ಅಂದಿಲ್ಲ. ಎಲ್ಲಾರೂ ನಗತಾರ."

ಅಜ್ಜಿ ಜೋಳ ಹಸನು ಮಾಡುತ್ತಿದ್ದಳು. ಮೊರ ಕೆಳಗಿಟ್ಟು ಕೇಳಿದಳು, "ಅವರು ನಕ್ಕಿದ್ದು ಕುರ್ಚಿ ಮಾತಿಗೋ, ನಿನಗೋ?"

ಈ ಪ್ರಶ್ನೆಯನ್ನು ನೀವೂ ಸ್ವಲ್ಪ ಯೋಚಿಸಿ. ತಪ್ಪಾದದ್ದು ಒಂದು ಪದ. ಆದರೆ ಅವಳು 'ಈ ಪದ ತಪ್ಪಾಯಿತು' ಎನ್ನಲಿಲ್ಲ. 'ನಾನೇ ದಡ್ಡಿ' ಎಂದಳು. ಒಂದು ಚಿಕ್ಕ ತಪ್ಪಿನಿಂದ ತನ್ನನ್ನು ಪೂರ್ತಿಯಾಗಿ ಅಳೆದುಬಿಟ್ಟಳು. ಇದನ್ನೇ ಕೀಳರಿಮೆ ಎನ್ನುತ್ತಾರೆ. ಇದಕ್ಕೆ ತಿರುಗಿ 'ನನ್ನಷ್ಟು ಜಾಣ ಯಾರೂ ಇಲ್ಲ' ಎನ್ನುವುದು ಜಂಬ. ಅದೂ ತಪ್ಪು ಅಳತೆಯೇ. ನನಗೆ ಏನು ಬರುತ್ತದೆ, ಏನು ಇನ್ನೂ ಬರುವುದಿಲ್ಲ ಎರಡನ್ನೂ ಇದ್ದಂತೆ ನೋಡಿ, ಎರಡರ ನಡುವೆಯೂ ನನ್ನನ್ನು ನಾನು ಗೌರವಿಸುವುದು ಆತ್ಮಗೌರವ.

ಜತ್ತದಿಂದ ತೀರ ದೂರವಲ್ಲದ ಸಾತಾರಾ ಜಿಲ್ಲೆಯಲ್ಲಿ ಕರಾಡ ಪಟ್ಟಣವಿದೆ. ಅದರ ಬಳಿಯ ಗೋಳೇಶ್ವರ ಎಂಬ ಹಳ್ಳಿಯಲ್ಲಿ 1926ರಲ್ಲಿ ಖಾಶಾಬಾ ದಾದಾಸಾಹೇಬ ಜಾಧವ ಹುಟ್ಟಿದರು. ತಂದೆ ಪೈಲ್ವಾನರು. ಖಾಶಾಬಾ ಚಿಕ್ಕಂದಿನಿಂದಲೇ ಗರಡಿಯ ಕೆಂಪು ಮಣ್ಣಿನಲ್ಲಿ ಕುಸ್ತಿ ಕಲಿತರು. 1948ರಲ್ಲಿ ಲಂಡನ್ ಒಲಿಂಪಿಕ್ಸ್‌ಗೆ ಹೋದರು. ಅಲ್ಲಿ ಮಣ್ಣಿರಲಿಲ್ಲ, ಮೆತ್ತನೆಯ ಚಾಪೆಯಿತ್ತು. ನಿಯಮಗಳೂ ಬೇರೆ. ಅವರಿಗೆ ಆರನೆಯ ಸ್ಥಾನ ದೊರೆಯಿತು.

ಆರನೆಯವರಿಗೆ ಪದಕವಿಲ್ಲ. 'ನನ್ನಿಂದ ಆಗದು' ಎಂದು ಅವರು ಮನೆಗೆ ಮರಳಬಹುದಿತ್ತು. 'ಚಾಪೆ ಇದ್ದದ್ದರಿಂದ ಸೋತೆ, ಇಲ್ಲದಿದ್ದರೆ ನಾನೇ ಗೆಲ್ಲುತ್ತಿದ್ದೆ' ಎಂದು ಊರೆಲ್ಲ ಹೇಳಿಕೊಂಡು ತಿರುಗಬಹುದಿತ್ತು. ಎರಡನ್ನೂ ಮಾಡಲಿಲ್ಲ. ಮುಂದಿನ ನಾಲ್ಕು ವರ್ಷ ಬೆವರು ಸುರಿಸಿ ತಯಾರಾದರು. 1952ರ ಹೆಲ್ಸಿಂಕಿ ಒಲಿಂಪಿಕ್ಸ್‌ಗೆ ಹೋಗಲು ಹಣವಿರಲಿಲ್ಲ. ಅವರು ಓದಿದ ಕೊಲ್ಹಾಪುರದ ರಾಜಾರಾಮ ಕಾಲೇಜಿನ ಪ್ರಾಚಾರ್ಯ ಖರ್ಡೇಕರ ಅವರು ತಮ್ಮ ಮನೆಯನ್ನೇ ಒತ್ತೆಯಿಟ್ಟು 7000 ರೂಪಾಯಿ ಕೊಟ್ಟರು. ಊರವರೂ ಕೈಲಾದಷ್ಟು ಕೂಡಿಸಿದರು. ಖಾಶಾಬಾ ಅದನ್ನು ಸ್ವೀಕರಿಸಿದರು. ಬೇಕಾದಾಗ ನೆರವು ಕೇಳುವುದರಿಂದ ಯಾರ ಗೌರವವೂ ಕುಂದುವುದಿಲ್ಲ.

ಹೆಲ್ಸಿಂಕಿಯಲ್ಲಿ ಅವರು 57 ಕಿಲೋ ತೂಕದ ವಿಭಾಗದಲ್ಲಿ ಕಂಚಿನ ಪದಕ ಗೆದ್ದರು. ಸ್ವತಂತ್ರ ಭಾರತಕ್ಕೆ ಒಬ್ಬ ವ್ಯಕ್ತಿ ತಂದ ಮೊದಲ ಒಲಿಂಪಿಕ್ ಪದಕ ಅದು. ಕರಾಡದಲ್ಲಿ ನೂರಕ್ಕೂ ಹೆಚ್ಚು ಎತ್ತಿನ ಗಾಡಿಗಳ ಮೆರವಣಿಗೆ ನಡೆಯಿತು. ಅಂಥ ಇನ್ನೊಂದು ಪದಕ ದೇಶಕ್ಕೆ ಬಂದದ್ದು 44 ವರ್ಷಗಳ ಮೇಲೆ, 1996ರಲ್ಲಿ, ಲಿಯಾಂಡರ್ ಪೇಸ್ ಟೆನಿಸ್‌ನಲ್ಲಿ ಗೆದ್ದಾಗ.

ಮೆರವಣಿಗೆಯ ಗದ್ದಲ ಬಹಳ ದಿನ ಉಳಿಯಲಿಲ್ಲ. ಖಾಶಾಬಾ ಪೊಲೀಸ್ ಇಲಾಖೆಯಲ್ಲಿ ದುಡಿದರು. 1984ರಲ್ಲಿ ಅಪಘಾತದಲ್ಲಿ ತೀರಿಕೊಂಡರು. ಅರ್ಜುನ ಪ್ರಶಸ್ತಿ ಅವರಿಗೆ ದೊರೆತದ್ದು ಆಮೇಲೆ. ಜನರು ಮರೆತಿದ್ದ ವರ್ಷಗಳಲ್ಲಿ ಆ ಪದಕದ ತೂಕ ಕಡಿಮೆಯಾಗಿತ್ತೇ? ನೀವೇ ಹೇಳಿ.

ಇನ್ನು ನಿಮ್ಮ ಮಾತಿಗೆ ಬರೋಣ. ಪರೀಕ್ಷೆಯಲ್ಲಿ ಕಡಿಮೆ ಅಂಕ ಬಂದಾಗ ನೀವು 'ನನಗೆ ಗಣಿತವೇ ಬರುವುದಿಲ್ಲ' ಎನ್ನುತ್ತೀರಿ. ಉತ್ತರಪತ್ರಿಕೆಯನ್ನು ಬಿಡಿಸಿ ನೋಡಿ. ಬಹುಶಃ ತಪ್ಪಾದದ್ದು ಭಿನ್ನರಾಶಿಗಳ ಭಾಗಾಕಾರ ಮಾತ್ರ. 'ಗಣಿತ ಬರುವುದಿಲ್ಲ' ಎಂದರೆ ಏನು ಮಾಡಬೇಕೆಂದು ತಿಳಿಯದು. 'ಭಿನ್ನರಾಶಿಯ ಭಾಗಾಕಾರ ಇನ್ನೂ ಬರುವುದಿಲ್ಲ' ಎಂದರೆ ನಾಳೆ ಗುರುಗಳಲ್ಲಿ ಏನು ಕೇಳಬೇಕೆಂಬುದು ತಿಳಿಯುತ್ತದೆ. ಹೊಗಳಿಕೆಯ ಮಾತುಗಳನ್ನು ಕನ್ನಡಿಯ ಮುಂದೆ ನೂರು ಸಲ ಹೇಳಿಕೊಂಡರೂ ಆ ಭಾಗಾಕಾರ ಬರದು. ಮಾಡಿಯೇ ಕಲಿಯಬೇಕು.

ಎತ್ತರ, ಮೈಬಣ್ಣ, ಮುಖ ಇವು ನಾವು ಮಾಡಿಕೊಂಡವಲ್ಲ. ಇವುಗಳಿಂದ ಯಾರನ್ನೂ ಅಳೆಯಬಾರದು. ಆದರೂ ತರಗತಿಯಲ್ಲಿ ಕುಳ್ಳ, ಕರಿಯ, ಡುಮ್ಮಿ ಎಂಬ ಅಡ್ಡಹೆಸರುಗಳು ಓಡಾಡುತ್ತವೆ. ಕರೆದವರು ಮರುಕ್ಷಣ ಮರೆಯುತ್ತಾರೆ. ಕರೆಸಿಕೊಂಡವರು ರಾತ್ರಿ ಹಾಸಿಗೆಯಲ್ಲಿ ಅದನ್ನೇ ನೆನೆಯುತ್ತಾರೆ. ದೊಡ್ಡವರಾದ ನಾವೂ ತಪ್ಪು ಮಾಡುತ್ತೇವೆ. 'ಆಚೆಮನೆಯ ಹುಡುಗನನ್ನು ನೋಡಿ ಕಲಿ' ಎಂದು ಹೇಳಿಬಿಡುತ್ತೇವೆ. ಆಚೆಮನೆಯಲ್ಲಿ ಆ ಹುಡುಗನಿಗೆ ನಿಮ್ಮ ಹೆಸರು ಹೇಳುತ್ತಿರಬಹುದು, ಯಾರಿಗೆ ಗೊತ್ತು!

ಯಾರಾದರೂ ದಿನವೂ ಹೀಯಾಳಿಸಿದರೆ, ಬೆದರಿಸಿದರೆ, ಹೊಡೆದರೆ ಅದನ್ನು ಒಳಗೇ ನುಂಗಬೇಡಿ. ತಾಯಿ ತಂದೆಗೋ ಅಜ್ಜಿಗೋ ನಂಬಿಕೆಯ ಗುರುಗಳಿಗೋ ಹೇಳಿ. ಒಬ್ಬರು ಕೇಳದಿದ್ದರೆ ಇನ್ನೊಬ್ಬರಿಗೆ ಹೇಳಿ. 1098 ಎಂಬುದು ಮಕ್ಕಳ ಸಹಾಯವಾಣಿ. ಹಗಲು ರಾತ್ರಿ ಯಾವಾಗಲಾದರೂ ಹಣವಿಲ್ಲದೆ ಕರೆ ಮಾಡಬಹುದು.

ಆ ಹುಡುಗಿ ಏನು ಮಾಡಿದಳು ಎಂದು ಕೇಳುತ್ತೀರಾ? ಅಜ್ಜಿಯ ಪ್ರಶ್ನೆಗೆ ಅವಳು ಅಂದು ಉತ್ತರ ಕೊಡಲಿಲ್ಲ. ಮರುದಿನ ಒಂದು ಹಳೆಯ ವಹಿಯಲ್ಲಿ ಮೂರು ಗೆರೆ ಎಳೆದು, ಮರಾಠಿ ಪದಗಳನ್ನು ಲಿಂಗಕ್ಕೆ ತಕ್ಕಂತೆ ಬರೆಯತೊಡಗಿದಳು. ದಿನಕ್ಕೆ ಹತ್ತು ಪದ. ಪಕ್ಕದ ಬೆಂಚಿನ ಗೆಳತಿ ತಿದ್ದಿಕೊಡುತ್ತಿದ್ದಳು. ಅದಕ್ಕೆ ಪ್ರತಿಯಾಗಿ ಇವಳು ಆಕೆಗೆ ಲೆಕ್ಕ ಹೇಳಿಕೊಡುತ್ತಿದ್ದಳು. ದೀಪಾವಳಿಯ ರಜೆ ಮುಗಿದ ಮೇಲೆ ಒಂದು ದಿನ ಶಿಕ್ಷಕರು ಫಲಕದ ಮೇಲೆ ಲೆಕ್ಕ ಬರೆದು ಕೇಳಿದಾಗ ಅವಳು ಕೈ ಎತ್ತಿದಳು. ಉತ್ತರ ಹೇಳುವಾಗ ಮತ್ತೆ ಒಂದು ಪದದ ಲಿಂಗ ತಪ್ಪಿತು. ಹಿಂದೆ ಯಾರೋ ಕಿಸಕ್ಕೆಂದರು. ಅವಳು ನಿಂತಲ್ಲೇ ಆ ಪದವನ್ನು ತಿದ್ದಿ ಹೇಳಿ, ಲೆಕ್ಕವನ್ನು ಕೊನೆಯವರೆಗೂ ಬಿಡಿಸಿಯೇ ಕುಳಿತಳು.

ಅಭ್ಯಾಸ

1. ಅಜ್ಜಿ ಕೇಳಿದ ಪ್ರಶ್ನೆ ಯಾವುದು? ನೀವಾಗಿದ್ದರೆ ಏನು ಉತ್ತರ ಕೊಡುತ್ತಿದ್ದಿರಿ?
2. ಲಂಡನ್ನಿನಲ್ಲಿ ಖಾಶಾಬಾ ಜಾಧವರಿಗೆ ಹೊಸದಾಗಿದ್ದುದು ಏನು?
3. ಕೀಳರಿಮೆ, ಜಂಬ, ಆತ್ಮಗೌರವ ಈ ಪದಗಳನ್ನು ಸ್ವಂತ ವಾಕ್ಯಗಳಲ್ಲಿ ಬಳಸಿರಿ.
4. ನಿಮಗೆ ಚೆನ್ನಾಗಿ ಬರುವ ಒಂದು ಕೆಲಸ, ಇನ್ನೂ ಬಾರದ ಒಂದು ಕೆಲಸ ಬರೆಯಿರಿ. ಬಾರದ್ದನ್ನು ಯಾರಿಂದ ಕಲಿಯುವಿರಿ?