ಎರೆಮಣ್ಣು ಹಿಡಿಯುವ ಉಪ್ಪು, ಮಳೆ ಬಯಲು ಮಾಡುವ ಕೆಡುಕು



ವಳಸಂಗ, ಅಕ್ಕಲಕೋಟೆ ಕಡೆಯ ಎರೆ ಹೊಲಕ್ಕೆ ಸವಳು ನೀರಿನ ಬೋರ್‌ವೆಲ್‌ನಿಂದ ಕಬ್ಬು ಬೆಳೆದವರಿಗೆ ಒಂದು ಒಗಟು ಎದುರಾಗಬಹುದು. ಬೇಸಿಗೆಯೆಲ್ಲ ಚೆನ್ನಾಗಿದ್ದ ನೆಲ ಮೊದಲ ದೊಡ್ಡ ಮಳೆಗೇ ರಾಡಿಯಾಗಿ, ಒಣಗಿದ ಮೇಲೆ ಕಲ್ಲಿನಂತಾಗುತ್ತದೆ. ಸಿಹಿಯಾದ ಮಳೆನೀರಿನಿಂದ ನೆಲ ಕೆಡುವುದು ಹೇಗೆ?

ಎರೆಮಣ್ಣಿನ ಜಿಗುಟು ಕಣಗಳು ಅತಿ ತೆಳುವಾದ ಹಾಳೆಗಳ ಕಟ್ಟುಗಳು. ಹಾಳೆಗಳ ಮೇಲೆ ಋಣ ವಿದ್ಯುದಂಶವಿದೆ. ಅದು ಹರಳಿನೊಳಗೇ ಹುದುಗಿರುವುದರಿಂದ ಎಷ್ಟು ತೊಳೆದರೂ ಹೋಗದು. ನೀರಿನಲ್ಲಿ ಕರಗಿದ ಉಪ್ಪಿನ ಧನ ಅಯಾನುಗಳು, ಅಂದರೆ ಕ್ಯಾಲ್ಸಿಯಂ, ಸೋಡಿಯಂ ಮುಂತಾದವು, ಈ ಹಾಳೆಗಳಿಗೆ ಅಂಟಿಕೊಳ್ಳುತ್ತವೆ. ಒಂದು ಬಂದರೆ ಇನ್ನೊಂದು ಜಾಗ ಬಿಡುತ್ತದೆ. ಇಂಗ್ಲೆಂಡಿನ ಜಾನ್ ಥಾಮಸ್ ವೇ 1850ರಲ್ಲೇ ಇದನ್ನು ತೋರಿಸಿದ್ದರು: ಅಮೋನಿಯಂ ಉಪ್ಪಿನ ನೀರನ್ನು ಮಣ್ಣಿನ ಮೂಲಕ ಇಳಿಸಿದಾಗ ಅಮೋನಿಯಂ ಒಳಗೇ ನಿಂತು, ಕ್ಯಾಲ್ಸಿಯಂ ಹೊರಗೆ ಬಂದಿತು.

ಎಷ್ಟು ಅಂಟುತ್ತದೆ ಎಂಬುದಕ್ಕೆ ಲೆಕ್ಕವಿದೆ. ಗೂಯಿ (1910) ಮತ್ತು ಚಾಪ್ಮನ್ (1913) ನುಣುಪಾದ ಒಂದೇ ಗೋಡೆಯನ್ನು ಊಹಿಸಿಕೊಂಡು ಲೆಕ್ಕ ಹಾಕಿದರು. ಆದರೆ ಮಣ್ಣು ಗೋಡೆಯಲ್ಲ, ಅಡ್ಡಾದಿಡ್ಡಿ ರಾಶಿ. ಅದರ ಸಂದುಗಳು ಕೆಲವು ಅಗಲ, ಕೆಲವು ಇಕ್ಕಟ್ಟು. 1988ರಲ್ಲಿ ಮ್ಯಾಡನ್ ಮತ್ತು ಗ್ಲಾಂಟ್ ಇಂಥ ರಾಶಿಗೆ ದಾರಿ ತೋರಿದರು. 1990ರ ದಶಕದಲ್ಲಿ ಅದನ್ನು ವಿದ್ಯುದಂಶವುಳ್ಳ ಕಣಗಳಿಗೂ ಅನ್ವಯಿಸಲಾಯಿತು. ಸಂತೆಯನ್ನು ನೆನೆಯಿರಿ: ಅಂಗಡಿಗಳು ಇದ್ದಲ್ಲೇ ಇರುತ್ತವೆ, ಜನ ಓಡಾಡುತ್ತಾರೆ. ಹಾಗೆಯೇ ಕಣಗಳನ್ನು ಕದಲದಂತೆ ನಿಲ್ಲಿಸಿ, ಅಯಾನುಗಳನ್ನು ಮಾತ್ರ ಓಡಾಡಲು ಬಿಟ್ಟು ಲೆಕ್ಕ ಹಾಕಬೇಕು. ಬೇರೆ ಬೇರೆ ರಾಶಿಗಳಿಗೆ ಸರಾಸರಿ ತೆಗೆಯಬೇಕು. ಈ ಲೆಕ್ಕಗಳಲ್ಲಿ ಕಣಗಳು ಹೆಚ್ಚಾಗಿ ಗುಂಡುಗಳೇ, ನಮ್ಮ ಮಣ್ಣಿನ ಹಾಳೆಗಳಲ್ಲ. ಆದ್ದರಿಂದ ಅವು ಗೊಬ್ಬರದ ಚೀಲ ಎಣಿಸಿ ಕೊಡಲಾರವು, ಕಾರಣವನ್ನು ತಿಳಿಸಬಲ್ಲವು.

ಕಾರಣ ಇದು. ಎರಡು ವಿದ್ಯುದಂಶಗಳ ಕ್ಯಾಲ್ಸಿಯಂ ಹಾಳೆಗೆ ಒತ್ತಿಕೊಂಡು ಕೂಡುತ್ತದೆ. ಒಂದೇ ವಿದ್ಯುದಂಶದ ಸೋಡಿಯಂ ಸಡಿಲವಾಗಿ, ಮೋಡದಂತೆ ಹರಡಿರುತ್ತದೆ. ನೀರು ಉಪ್ಪಾಗಿದ್ದರೆ ಮೋಡ ಕುಗ್ಗುತ್ತದೆ, ಸಪ್ಪೆಯಾದರೆ ಉಬ್ಬುತ್ತದೆ. ಬಾವಿಯ ಸವಳು ನೀರು ಸೋಡಿಯಂ ತಂದು ಕೂಡಿಸುತ್ತದೆ, ತನ್ನ ಉಪ್ಪಿನ ಬಲದಿಂದಲೇ ಕೆಡುಕನ್ನು ಮುಚ್ಚಿಯೂ ಇಡುತ್ತದೆ. ಮಳೆ ಬಿದ್ದು ಉಪ್ಪು ತೊಳೆದಾಗ ಮೋಡ ಉಬ್ಬಿ, ಹಾಳೆಗಳು ಒಂದನ್ನೊಂದು ದೂಡಿ, ಬಿಡಿಯಾದ ಕಣಗಳು ಸಂದುಗಳನ್ನು ಮುಚ್ಚುತ್ತವೆ. ಮಳೆಯ ನೀರಿನಲ್ಲಿ ಸೋಡಿಯಂ ಹೊರದೂಡುವಷ್ಟು ಕ್ಯಾಲ್ಸಿಯಂ ಇರುವುದಿಲ್ಲ.

ಮನೆಯಲ್ಲೇ ನೋಡಬಹುದು. ಶೇಂಗಾ ಕಾಳಿನಷ್ಟು ಒಣ ಹೆಂಟೆಯನ್ನು ಗಾಜಿನ ಲೋಟದ ಮಳೆನೀರಿನಲ್ಲಿ ಅಲುಗಾಡಿಸದೆ ಬಿಡಿ. ಕೆಲವು ತಾಸುಗಳಲ್ಲಿ ಸುತ್ತಲೂ ಹಾಲಿನಂತೆ ಕದಡಿದರೆ ಸೋಡಿಯಂ ಹೆಚ್ಚಿರುವ ಸಂಶಯ. ಹೆಂಟೆ ಬರೀ ಪುಡಿಯಾಗಿ ಕುಸಿದು ನೀರು ತಿಳಿಯಾಗಿದ್ದರೆ ಅದು ಬೇರೆ ಮಾತು. ಬೋರ್‌ವೆಲ್ ನೀರಿನಲ್ಲಿ ಮಾತ್ರ ಪರೀಕ್ಷಿಸಬೇಡಿ, ಮೋಸ ಹೋಗುತ್ತೀರಿ.

ಸಂಶಯ ಬಂದರೆ ಮಣ್ಣು, ನೀರು ಎರಡನ್ನೂ ಪ್ರಯೋಗಾಲಯಕ್ಕೆ ಕೊಡಿ. ಮಣ್ಣು ಹಿಡಿದ ಧನ ಅಯಾನುಗಳಲ್ಲಿ ಸೋಡಿಯಂ ಶೇ. 15 ದಾಟಿದರೆ ಕ್ಷಾರ ಮಣ್ಣು ಎನ್ನುವುದು ವಾಡಿಕೆ. ಎರೆಮಣ್ಣು ಅದಕ್ಕಿಂತ ಕಡಿಮೆಯಲ್ಲೂ ಕೆಡಬಲ್ಲದು. ಹೊಲದಲ್ಲಿ ಸುಣ್ಣದ ಹರಳಿದೆಯಲ್ಲ ಎಂದು ಸುಮ್ಮನಿರಬೇಡಿ, ಅದು ಸುಲಭವಾಗಿ ಕರಗದು. ಜಿಪ್ಸಂ ಕರಗುತ್ತದೆ. 100 ಗ್ರಾಂ ಮಣ್ಣಿನಿಂದ 1 ಮಿಲಿ ಇಕ್ವಿವಲೆಂಟ್ ಸೋಡಿಯಂ ತೆಗೆಯಲು, 15 ಸೆಂ.ಮೀ. ಆಳಕ್ಕೆ, ಎಕರೆಗೆ ಸುಮಾರು 8 ಕ್ವಿಂಟಲ್ ಶುದ್ಧ ಜಿಪ್ಸಂ ಬೇಕು. ಹಾಕುವ ಮೊದಲು ಬಸಿಗಾಲುವೆ ತೋಡಿಸಿ. ಬಿಟ್ಟುಹೋದ ಸೋಡಿಯಂ ಹರಿದುಹೋಗಲು ದಾರಿ ಇಲ್ಲದಿದ್ದರೆ ಜಿಪ್ಸಂ ಖರ್ಚು ದಂಡ.