ಎಳೆಯುವ ಕುದುರೆಯ ಲಗಾಮು: ಸವಾರರಿಗೆ ಎಚ್ಚರಿಕೆ

ಬೆಂಗಳೂರಿನ ಸುತ್ತಲ ಸವಾರಿ ಶಾಲೆಗಳಲ್ಲಿರುವ ಎಷ್ಟೋ ಕುದುರೆಗಳು ರೇಸ್ ಮುಗಿಸಿ ಬಂದ ಥರೋಬ್ರೆಡ್‌ಗಳು. ತೂಕ ಸುಮಾರು 450ರಿಂದ 550 ಕೆ.ಜಿ. ತೋಳಿನ ಬಲದಿಂದ ಇವನ್ನು ನಿಲ್ಲಿಸಲಾಗದು. ಹಿಡಿತ ತಪ್ಪಿದರೆ ಬೆನ್ನುಮೂಳೆ ಮುರಿಯಬಹುದು, ಜೀವವೂ ಹೋಗಬಹುದು.

ಮಾಡಬೇಕಾದ್ದು

• ಹತ್ತುವ ಮುನ್ನ ಲಗಾಮಿನ ಹೊಲಿಗೆ, ಬಕಲ್ ಪರೀಕ್ಷಿಸಿ.
• ಹೆಲ್ಮೆಟ್ ಪಟ್ಟಿ ಬಿಗಿಯಿರಿ.
• ಕೈಗವಸು ಹಾಕಿ. ಬೆವರಿಗೆ ಲಗಾಮು ಜಾರುತ್ತದೆ.
• ಕಿರುಬೆರಳು, ಉಂಗುರ ಬೆರಳುಗಳ ನಡುವೆ ಲಗಾಮು ತಂದು, ಹೆಬ್ಬೆರಳಿನಿಂದ ಒತ್ತಿ ಹಿಡಿಯಿರಿ.
• ವೇಗ ಏರುವ ಮೊದಲೇ ಲಗಾಮು ಗಿಡ್ಡ ಮಾಡಿಕೊಳ್ಳಿ.
• ಹಿಮ್ಮಡಿ ಕೆಳಗೊತ್ತಿ, ಬೆನ್ನು ನೇರ ಮಾಡಿ ಕೂರಿ.
• ಹಿಡಿಯಿರಿ, ಬಿಡಿ. ಮತ್ತೆ ಹಿಡಿಯಿರಿ, ಬಿಡಿ. ಒಂದೇ ಸಮ ಎಳೆದರೆ ಕುದುರೆ ಕಡಿವಾಣಕ್ಕೆ ಒರಗಿಕೊಂಡು ಇನ್ನೂ ಜೋರಾಗಿ ಎಳೆಯುತ್ತದೆ. ಒರಗಲು ಏನೂ ಸಿಗದಿದ್ದರೆ ನಿಧಾನವಾಗುತ್ತದೆ. ಹೆದರಿದ ಕೈಗೆ ಬಿಡುವುದೇ ಕಷ್ಟ, ಆದರೂ ಬಿಡಿ. ಬೆರಳು ಸಡಿಲಿಸಿದರೆ ಸಾಕು, ಲಗಾಮು ಜೋಲಬಾರದು.
• ಕೈಮೀರಿ ಓಡಿದರೆ ದೊಡ್ಡ ಸುತ್ತಿನಲ್ಲಿ ತಿರುಗಿಸಿ, ಸುತ್ತನ್ನು ಮೆಲ್ಲಗೆ ಕಿರಿದು ಮಾಡುತ್ತಾ ಬನ್ನಿ.
• ಸುತ್ತಲು ಜಾಗವಿಲ್ಲದಿದ್ದರೆ ಒಂದು ಕೈಯನ್ನು ಗಿಡ್ಡ ಲಗಾಮಿನ ಸಮೇತ ಕುತ್ತಿಗೆಗೆ ಊರಿ, ಇನ್ನೊಂದನ್ನು ಮೇಲಕ್ಕೂ ಹಿಂದಕ್ಕೂ ಜಗ್ಗಿ, ಬಿಡಿ. ಇದು ಆಪತ್ತಿಗೆ ಮಾತ್ರ. ಶಿಕ್ಷಕರ ಎದುರಿಗೆ ಮೊದಲೇ ಕಲಿತಿರಿ.

ಮಾಡಬಾರದ್ದು

• ಲಗಾಮನ್ನು ಕೈಗೆ ಸುತ್ತಿಕೊಳ್ಳುವುದು ಬೇಡವೇ ಬೇಡ. ಬಿದ್ದರೆ ಕುದುರೆ ಎಳೆದೊಯ್ಯುತ್ತದೆ.
• ಮುಂದಕ್ಕೆ ಬಗ್ಗಬಾರದು.
• ಕಾಲಿನಿಂದ ಹೊಟ್ಟೆ ಅವುಚುವುದು ಬೇಡ. ಅದು ಓಡಿಸುವ ಸನ್ನೆ.
• ಕಿರುಚಬಾರದು.
• ಜಾಕಿಗಳಂತೆ ಎರಡೂ ಲಗಾಮು ಅಡ್ಡ ಹಾಯಿಸಿ ಬಿಗಿ ಹಿಡಿದು ನಿಲ್ಲಿಸಲು ನೋಡುವುದು ಬೇಡ. ರೇಸಿನಲ್ಲಿ ಪಳಗಿದ ಕುದುರೆ ಆ ಬಿಗಿಗೆ ಓಡಲು ಕಲಿತಿರುತ್ತದೆ.
• ಕಡಿವಾಣವನ್ನು ಎಡಬಲ ಗರಗಸದಂತೆ ಆಡಿಸಬಾರದು. ಅದು ಕೂರುವುದು ಹಲ್ಲಿಲ್ಲದ ವಸಡಿನ ಮೇಲೆ. ನೋವಾದ ಕುದುರೆ ನೋವಿನಿಂದಲೇ ಓಡುತ್ತದೆ.
• ನಾಗಾಲೋಟದಲ್ಲಿ ತಲೆಯನ್ನು ಒಮ್ಮೆಗೇ ಪಕ್ಕಕ್ಕೆ ತಿರುಚಬಾರದು. ಕಾಲು ತೊಡರಿ ಕುದುರೆ ನಿಮ್ಮ ಮೇಲೇ ಬೀಳಬಹುದು.
• ಲಾಯದ ದಿಕ್ಕಿಗೆ ಓಡಿಸುವುದು ಬೇಡ.
• ಮುಂದಿನ ಕುದುರೆಯ ಬಾಲಕ್ಕೆ ಅಂಟಿಕೊಂಡು ಹೋಗಬಾರದು.
• ಯಾರನ್ನೂ ಕೇಳದೆ ಇನ್ನೂ ಕಟುವಾದ ಕಡಿವಾಣ ಹಾಕುವುದು ಬೇಡ. ಇದ್ದಕ್ಕಿದ್ದಂತೆ ಎಳೆಯತೊಡಗಿದ ಕುದುರೆಯ ಹಲ್ಲು, ಬೆನ್ನನ್ನು ಮೊದಲು ಪಶುವೈದ್ಯರಿಗೆ ತೋರಿಸಿ.
• ನಿಮ್ಮ ಅಳವಿಗೆ ಮೀರಿದ ಕುದುರೆಯನ್ನು ನಾಚಿಕೆಗೆ ಬಿದ್ದು ಹತ್ತುವುದು ಬೇಡ. ಶಿಕ್ಷಕರಿಗೆ ಹೇಳಿ, ಬೇರೆ ಕುದುರೆ ಕೇಳಿ.