ಕಂಪ್ಯೂಟರ್ ಮುಂದೆ ಕುಳಿತು ಮೂತ್ರ ತಡೆಯಬೇಡಿ

ಮನೆಯೊಂದರ ಮಹಡಿಯನ್ನು ಬಾಡಿಗೆಗೆ ಪಡೆದು ಹತ್ತು-ಹನ್ನೆರಡು ಮಂದಿ ದುಡಿಯುವ ಸಣ್ಣ ಸಾಫ್ಟ್‌ವೇರ್ ಕಂಪೆನಿಗಳು ಬೆಂಗಳೂರಿನಲ್ಲಿ ಬಹಳ. ಅಲ್ಲಿನ ಹೆಣ್ಣುಮಕ್ಕಳು ಉರಿಮೂತ್ರವೆಂದು ಬಂದಾಗ ನಾನು ಮೊದಲು ಕೇಳುವುದು ಶೌಚಾಲಯದ ಬಗ್ಗೆ. ಎಲ್ಲರಿಗೂ ಒಂದೇ, ಚಿಲಕ ಸರಿಯಿಲ್ಲ, ನಲ್ಲಿಯಲ್ಲಿ ನೀರಿಲ್ಲ. ಹೋಗುವುದನ್ನು ತಪ್ಪಿಸಲು ಬೆಳಗ್ಗಿನಿಂದ ನೀರನ್ನೇ ಕುಡಿದಿರುವುದಿಲ್ಲ!

ಆರೋಗ್ಯಕ್ಕೆ ಅನಿವಾರ್ಯವೆಂದು ಯುನಾನಿ ಹೇಳುವ ಆರು ಅಂಶಗಳಲ್ಲಿ ಗಾಳಿ, ಆಹಾರ, ನಿದ್ರೆಗಳ ಜೊತೆಗೆ ವಿಸರ್ಜನೆಯೂ ಒಂದು. ಮೂತ್ರ ಹೆಚ್ಚು ಹೊತ್ತು ನಿಂತರೆ ರೋಗಾಣುಗಳು ಬೆಳೆಯುತ್ತವೆ. ನೀರು ಕಡಿಮೆಯಾದರೆ ಕಲ್ಲಿಗೂ ದಾರಿ. ಹೆಣ್ಣಿನ ಮೂತ್ರನಾಳ ಗಿಡ್ಡ, ಆದ್ದರಿಂದ ಅವಳಿಗೆ ಸೋಂಕಿನ ಅಪಾಯ ಹೆಚ್ಚು.

ಎ.ಸಿ. ಕೋಣೆಯಲ್ಲಿ ಬಾಯಾರಿಕೆ ಅಷ್ಟಾಗಿ ಗೊತ್ತಾಗದು. ಬಾಟಲಿ ಮೇಜಿನ ಮೇಲಿರಲಿ. ಮೂರು ಗಂಟೆಗೊಮ್ಮೆಯಾದರೂ ಎದ್ದು ಹೋಗಿ, ಬೆನ್ನಿಗೂ ಕಣ್ಣಿಗೂ ಅದು ಬಿಡುವು. ಮೂತ್ರ ಕಡು ಹಳದಿಯಾಗಿದ್ದರೆ ಕುಡಿದ ನೀರು ಸಾಲದೆಂದು ತಿಳಿಯಿರಿ. ಬಾರ್ಲಿ ನೀರು ಒಳ್ಳೆಯದೇ. ಆದರೆ ಚಳಿಜ್ವರ, ಪಕ್ಕೆನೋವು, ಮೂತ್ರದಲ್ಲಿ ರಕ್ತ ಕಂಡರೆ ಅಥವಾ ನೀವು ಗರ್ಭಿಣಿಯಾಗಿದ್ದರೆ ಬಾರ್ಲಿ, ಶರ್ಬತ್ ಬಜೂರಿ ಎಂದು ಕಾಯದೆ ಅದೇ ದಿನ ವೈದ್ಯರನ್ನು ಕಂಡು ಮೂತ್ರ ಪರೀಕ್ಷೆ ಮಾಡಿಸಿ.

ಕಂಪೆನಿ ನಡೆಸುವ ಸಹೋದರರೇ, ಹೊಸ ಮಾನಿಟರ್ ತರುವ ಮೊದಲು ಚಿಲಕ ಹಾಕಿಸಿ, ನಲ್ಲಿ ಸರಿಪಡಿಸಿ, ಮುಚ್ಚಳವಿರುವ ಕಸದ ಡಬ್ಬವನ್ನೂ ಇಡಿ.